ಗಂಡ ರಿಟರ್ನ್ ತುಂಬಿದ್ದಕ್ಕೆ ನನ್ನ ಗೃಹಲಕ್ಷ್ಮಿ ನಿಂತಿದೆ, ಕಾರ್ಡೂ ಎಪಿಎಲ್ ಆಗಿದೆ. ಏನು ಮಾಡಲಿ?

ಬನಹಟ್ಟಿಯವಳು:

ಎಲ್ಲರಿಗೂ ನಮಸ್ಕಾರ. ಬನಹಟ್ಟಿಯ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಕಂಡಿಕೆ, ಅಂದರೆ ನೇಯುವ ನೂಲಿನ ಉರುಳೆ, ಸುತ್ತುತ್ತೇನೆ. ಮನೆಗೆ ಬಂದ ಮೇಲೆ ಸೀರೆಗೆ ಪಿಕೋ-ಫಾಲ್ ಹಚ್ಚುತ್ತೇನೆ, ಗೊಂಡೆ ಕಟ್ಟುತ್ತೇನೆ. ಇಬ್ಬರು ಮಕ್ಕಳು. ಮಗಳು ಎಂಟನೇತ್ತೆ, ಮಗ ಮೂರನೇತ್ತೆ. ಇಬ್ಬರೂ ಸರಕಾರಿ ಶಾಲೆ.

ಮಕ್ಕಳ ಅಪ್ಪ ಕೆಲಸಕ್ಕೆ ಅಂತ ಇಚಲಕರಂಜಿಗೆ ಹೋದವನು ಅಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ನಾಲ್ಕು ವರ್ಷ ಆಯಿತು. ಡೈವೋರ್ಸ್ ಆಗಿಲ್ಲ. ಫೋನೂ ಇಲ್ಲ, ದುಡ್ಡೂ ಇಲ್ಲ. ನಾನು ತವರಿನ ಓಣಿಯಲ್ಲೇ ಒಂದು ಖೋಲಿ ಬಾಡಿಗೆ ಹಿಡಿದಿದ್ದೇನೆ.

ಇಲ್ಲಿಯವರೆಗೆ ಹೇಗೋ ನಡೆಯುತ್ತಿತ್ತು. ವಾರದ ಬಟವಾಡೆ ಸಾವಿರದ ಆಸುಪಾಸು. ಹೊಲಿಗೆಯಿಂದ ತಿಂಗಳಿಗೆ ಇನ್ನೊಂದು ಸಾವಿರ, ಲಗ್ನದ ಸೀಜನ್ ಇದ್ದರೆ ಸಾವಿರದೈನೂರು. ಗೃಹಲಕ್ಷ್ಮಿ 2,000 ಬಂದರೆ ಅದರಲ್ಲಿ 1,800 ನೇರ ಬಾಡಿಗೆಗೆ. ರೇಷನ್ನಿನಲ್ಲಿ ತಲೆಗೆ 10 ಕೆಜಿಯಂತೆ ನಮ್ಮ ಮೂವರಿಗೆ 30 ಕೆಜಿ ಅಕ್ಕಿ. ಅವನ ಹೆಸರೂ ಕಾರ್ಡಿನಲ್ಲಿದೆ, ಆದರೆ ಬೆರಳು ಕೊಟ್ಟು ಇ-ಕೆವೈಸಿ ಮಾಡಿಸಿಲ್ಲ ಅಂತ ಅವನ ಪಾಲು ಮೊದಲೇ ನಿಂತಿತ್ತು. ಬೆಳಿಗ್ಗೆ ರೊಟ್ಟಿ, ರಾತ್ರಿ ಅನ್ನ. ಹೀಗಾಗಿ ಜೋಳ, ಬೇಳೆ, ಎಣ್ಣೆ ಇಷ್ಟೇ ಕೊಳ್ಳುವುದಿತ್ತು.

ಈಗ ಗೃಹಲಕ್ಷ್ಮಿ ಬರದೆ ಬಹಳ ತಿಂಗಳಾಯಿತು. ಎಲ್ಲರಿಗೂ ತಡ ಆಗಿದೆ, ಒಮ್ಮೆಲೇ ಹಾಕುತ್ತಾರೆ ಅಂದುಕೊಂಡಿದ್ದೆ. ಓಣಿಯ ಉಳಿದ ಹೆಂಗಸರಿಗೆ ಬಂತು, ನನಗೆ ಬರಲಿಲ್ಲ. ಹೋಗಿ ಕೇಳಿದರೆ ಕಂಪ್ಯೂಟರ್ ನೋಡಿ "ನಿಮ್ಮ ಯಜಮಾನ್ರು ಐಟಿ ತುಂಬ್ತಾರಲ್ಲಮ್ಮ" ಅಂದರು. "ಯಾವ ಯಜಮಾನ್ರು ಸರ್?" ಅಂದೆ. ಅವರು ತಲೆ ಎತ್ತಲಿಲ್ಲ. ಆಮೇಲೆ ಸಂಬಂಧಿಕರಿಂದ ಗೊತ್ತಾಗಿದ್ದು ಇಷ್ಟು: ಮಾಲು ಸಾಗಿಸುವ ಗಾಡಿ ತಗೊಳ್ಳಲು, ಬ್ಯಾಂಕ್ ಸಾಲಕ್ಕೆ ಬೇಕು ಅಂತ ಅವನು ರಿಟರ್ನ್ ಹಾಕಿಸಿದ್ದಾನೆ. ಅದರ ಬೆನ್ನಿಗೇ ನ್ಯಾಯಬೆಲೆ ಅಂಗಡಿಯಲ್ಲಿ "ನಿಮ್ಮದು ಬಿಪಿಎಲ್ ಹೋಗಿ ಎಪಿಎಲ್ ಆಗಿದೆ" ಅಂದರು.

ಅವನ ಗಳಿಕೆಯಲ್ಲಿ ಒಂದು ರೂಪಾಯಿ ನನ್ನ ಕೈಗೆ ಬರುವುದಿಲ್ಲ. ಸರಕಾರದ ಲೆಕ್ಕದಲ್ಲಿ ಮಾತ್ರ ಅದು ನನ್ನ ಮನೆಯ ಗಳಿಕೆ.

ನಾನು ಕೇಳುವುದು, ಇದನ್ನು ಸರಿ ಮಾಡಿಸಲು ದಾರಿ ಇದೆಯಾ? ಅಲ್ಲಿಯವರೆಗೆ ಹೇಗೆ ನಡೆಸಲಿ? ಕಿರಾಣಿ ಅಂಗಡಿಯವರು ಈಗೀಗ ಉದ್ರಿ ಬರೆದ ಮೇಲೆ ಪುಸ್ತಕ ನನ್ನ ಕಡೆ ತಿರುಗಿಸಿ, ಮೊತ್ತದ ಕೆಳಗೆ ಎರಡು ಗೆರೆ ಎಳೆದು ತೋರಿಸುತ್ತಾರೆ. ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಗುಂಪು ಸಾಲದ ಫೈನಾನ್ಸ್‌ನವರು ನಲವತ್ತು ಸಾವಿರ ಕೊಡುತ್ತೇವೆ, ಸಹಿ ಮಾಡಿ ಅಂತಿದ್ದಾರೆ. ತಗೊಂಡು ಉದ್ರಿ ತೀರಿಸಿಬಿಡೋಣ ಅನ್ನಿಸುತ್ತಿದೆ.

ವಿಧವಾ ವೇತನದ ಬಗ್ಗೆ ಯಾರೂ ಹೇಳಬೇಡಿ. ಗಂಡ ಬದುಕಿದ್ದಾನೆ. ಮನಸ್ವಿನಿ ಪಿಂಚಣಿಯೂ ಆಗಲ್ಲ, ಅದಕ್ಕೆ 40 ವರ್ಷ ಆಗಿರಬೇಕಂತೆ, ನನಗೆ 34. ಅದೂ ಮದುವೆ ಆಗದವರಿಗೆ, ಡೈವೋರ್ಸ್ ಆದವರಿಗೆ. ಬಿಟ್ಟು ಹೋದವನ ಹೆಂಡತಿಗೆ ಯಾವ ಖಾನೆಯೂ ಇಲ್ಲ.

ರೊಟ್ಟಿ ಅಕ್ಕ, ವಿಜಯಪುರ:

ತಂಗಿ, ಮೊದಲು ಆ ಫೈನಾನ್ಸ್ ಕಾಗದಕ್ಕೆ ಸಹಿ ಹಾಕಬೇಡ. ಉಳಿದದ್ದು ಆಮೇಲೆ ಮಾತಾಡೋಣ. ನಲವತ್ತು ಸಾವಿರಕ್ಕೆ ವಾರದ ಕಂತು ಎಷ್ಟು ಅಂತ ಕೇಳು. ನಿನ್ನ ಬಟವಾಡೆಯ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಒಂದು ವಾರ ತಪ್ಪಿದರೆ ಗುಂಪಿನ ಹೆಂಗಸರೇ ಬಾಗಿಲಿಗೆ ಬಂದು ಕೂರುತ್ತಾರೆ. ನಿನ್ನ ಹಾಗೆಯೇ ಇರುವವರು, ಅವರನ್ನು ಬೈಯಲೂ ಆಗಲ್ಲ. 2025ರಲ್ಲಿ ಸರಕಾರ ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ ಸುಗ್ರೀವಾಜ್ಞೆ ತಂದಿದ್ದು ಸುಮ್ನೆ ಅಲ್ಲ.

ಕಿರಾಣಿಯವರ ಉದ್ರಿಗೆ ಬಡ್ಡಿ ಇಲ್ಲ, ಅಲ್ವಾ? ಹಾಗಾದರೆ ಅದೇ ವಾಸಿ. ಪುಸ್ತಕ ತಿರುಗಿಸುವ ಮುಂಚೆ ನೀನೇ ಹೋಗಿ ಮಾತಾಡು. ಹಳೆಯದಕ್ಕೆ ವಾರಕ್ಕೆ ಇನ್ನೂರು ಕೊಡ್ತೀನಿ, ಹೊಸ ಸಾಮಾನು ನಗದು ತಗೊಳ್ತೀನಿ ಅನ್ನು. ನಾನು ಹಾಗೇ ಮಾಡಿದ್ದೆ. ಅವರಿಗೆ ಬೇಕಿರುವುದು ಪೂರ್ತಿ ದುಡ್ಡಲ್ಲ, ಈ ಹೆಂಗಸು ಅಂಗಡಿ ಬದಲಿಸಲ್ಲ ಅನ್ನುವ ಭರವಸೆ.

ನಾನು ವಿಧವೆ. ನನಗೆ ಬರುವುದು ತಿಂಗಳಿಗೆ 800. ಅದೂ ಒಮ್ಮೆ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲ ಅಂತ ನಿಂತು, ಮತ್ತೆ ಬಂತು. ಆವಾಗಿನಿಂದ ಸರಕಾರದ ದುಡ್ಡನ್ನು ತಾರೀಖಿನ ಖರ್ಚಿಗೆ ಹಚ್ಚುವುದು ಬಿಟ್ಟಿದ್ದೇನೆ. ಬಾಡಿಗೆ ಒಂದನೇ ತಾರೀಖಿಗೆ ಕಟ್ಟಬೇಕು. ಸರಕಾರದ ದುಡ್ಡು ಬಂದ ದಿನ ಬಂತು. ಖಾನಾವಳಿಗಳಿಗೆ ಕಡಕ್ ರೊಟ್ಟಿ ಮಾಡಿ ಕೊಡ್ತೀನಿ, ಬಾಡಿಗೆ ಅದರಿಂದಲೇ. 800 ಮತ್ತು 2,000 ಬಂದಾಗ ಸಿಲಿಂಡರ್, ಮಕ್ಕಳ ವಹಿ-ಪುಸ್ತಕ, ಔಷಧ. ಬರದಿದ್ದರೆ ಇವು ಎರಡು ವಾರ ತಡೆಯುತ್ತವೆ, ಬಾಡಿಗೆ ತಡೆಯಲ್ಲ.

ಅಕ್ಕಿಗೆ ಬದಲು ರಾತ್ರಿ ಜೋಳದ ನುಚ್ಚು ಮಾಡು. ಮಜ್ಜಿಗೆ ಇದ್ದರೆ ಪಲ್ಯವೂ ಬೇಡ. ಮಕ್ಕಳು ನಾಲ್ಕು ದಿನ ಮುಖ ಗಂಟು ಹಾಕ್ತಾರೆ, ಹಾಕಲಿ. ಜೋಳ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕೊಳ್ಳಬೇಡ. ಹಿಂಗಾರಿ ರಾಶಿ ಆದ ಮೇಲೆ ಎರಡು-ಮೂರು ಮನೆ ಸೇರಿ ಒಂದು ಚೀಲ ತರಿಸಿ ಹಂಚಿಕೊಳ್ಳಿ. ಒಣಗಿಸಿ ಬೇವಿನೆಲೆ ಹಾಕಿ ಇಟ್ಟರೆ ಹುಳ ಬರಲ್ಲ.

ನೇರ ಮಾತು:

ಬಿಟ್ಟಿ ಕೊಟ್ಟು ರೂಢಿ ಮಾಡಿದರೆ ಹೀಗೇ ಆಗುವುದು. ದುಡಿದು ತಿನ್ನುವುದನ್ನು ಕಲಿಯಲಿ.

ರೊಟ್ಟಿ ಅಕ್ಕ, ವಿಜಯಪುರ:

ಅಣ್ಣಾ, ಕಂಡಿಕೆ ಸುತ್ತುತ್ತೇನೆ ಅಂತ ಎರಡನೇ ಸಾಲಿನಲ್ಲೇ ಬರೆದಿದ್ದಾಳೆ. ಓದಿ ಮಾತಾಡಿ.

ಗ್ರಾಮ ಒನ್ ಹುಡುಗ, ಗೋಕಾಕ:

ಅಕ್ಕಾವ್ರೆ, ಇಂಥ ಕೇಸು ನನ್ನ ಸೆಂಟರಿಗೂ ಬರುತ್ತವೆ. ಇಲ್ಲಿ ಎರಡು ಬೇರೆ ಬೇರೆ ಗಂಟು ಇವೆ. ಒಂದನ್ನೊಂದು ಕಲೆಸಬೇಡಿ.

ಗೃಹಲಕ್ಷ್ಮಿ ಎಪಿಎಲ್ ಕಾರ್ಡಿಗೂ ಬರುತ್ತದೆ. ಕಾರ್ಡ್ ಬದಲಾಗಿದ್ದಕ್ಕೆ ಅದು ನಿಂತಿಲ್ಲ. ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ತುಂಬುವವರಾಗಿದ್ದರೆ ಕೊಡುವುದಿಲ್ಲ ಅನ್ನುವ ನಿಯಮದಿಂದ ನಿಂತಿದೆ. ಗಂಡ ಜೊತೆಗಿದ್ದಾನೋ ಇಲ್ಲವೋ ಅಂತ ಕಂಪ್ಯೂಟರ್ ಕೇಳುವುದಿಲ್ಲ. ಹೆಸರು ಕಂಡರೆ ಸಾಕು.

ಬಿಪಿಎಲ್ ಬೇರೆ. ಅದಕ್ಕೆ ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ನಿಮ್ಮ ದುಡಿಮೆ ಅದರ ಹತ್ತಿರವೂ ಇಲ್ಲ. 2024ರ ನವೆಂಬರಿನಲ್ಲಿ ರಾಜ್ಯದ ತುಂಬ ಕಾರ್ಡ್ ರದ್ದಾಗಿ ಗಲಾಟೆ ಎದ್ದಾಗ, ತೆರಿಗೆ ಕಟ್ಟುವವರು ಮತ್ತು ಸರಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಅಂತ ಸರಕಾರವೇ ಹೇಳಿತ್ತು. ಸಾಲಕ್ಕಾಗಿ ರಿಟರ್ನ್ ಹಾಕಿದ ಬಹಳ ಜನರ ತೆರಿಗೆ ಸೊನ್ನೆ ಇರುತ್ತದೆ. ಆದರೆ ಅದನ್ನು ತೋರಿಸಲು ಅವನ ಕಾಗದ ಬೇಕು, ಅವನು ಕೊಡುವ ಪೈಕಿ ಅಲ್ಲ. ಅದಕ್ಕೆ ಆ ದಾರಿ ಬಿಡಿ, ಅವನ ಹೆಸರನ್ನೇ ಕಾರ್ಡಿನಿಂದ ತೆಗೆಸಿ.

ಮೊದಲು ನಾಡಕಚೇರಿಯಲ್ಲಿ ನಿಮ್ಮ ಹೆಸರಿಗೆ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ. ಆಮೇಲೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಬರಹದಲ್ಲಿ ಅರ್ಜಿ ಕೊಡಿ. ಗಂಡ ಇಂಥ ವರ್ಷದಿಂದ ಜೊತೆಗಿಲ್ಲ, ಹೆಸರು ತೆಗೆಯಿರಿ, ಬೇಕಾದರೆ ಮನೆಗೆ ಬಂದು ಪರಿಶೀಲಿಸಿ ಅಂತ ಬರೆಯಿರಿ. ಬಾಡಿಗೆ ಕರಾರು ಪತ್ರ, ಮಕ್ಕಳ ಶಾಲೆಯ ದೃಢೀಕರಣ ಹಚ್ಚಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಸ್ವೀಕೃತಿ ಕೇಳಿ ತಗೊಳ್ಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಲುಗಾಡದಿದ್ದರೆ ರೇಷನ್ ದೂರಿಗೆ 1967, ಉಳಿದದ್ದಕ್ಕೆಲ್ಲ ಜನಸ್ಪಂದನದ 1902. ದೂರಿನ ನಂಬರ್ ಸಿಕ್ಕಿದ ಮೇಲೆ ಟೇಬಲ್ ಆಚೆ ಕೂತವರ ದನಿ ಸ್ವಲ್ಪ ಬದಲಾಗುತ್ತದೆ, ನೋಡಿದ್ದೇನೆ.

ಕಾರ್ಡಿನ ವಿಷಯ ಬರೀ ಅಕ್ಕಿಯದಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ಮಕ್ಕಳಿರುವ ಮನೆ.

ಗೃಹಲಕ್ಷ್ಮಿಗೆ ಇದೇ ಕಾಗದಗಳ ಇನ್ನೊಂದು ಸೆಟ್ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕೊಡಿ. ಹೆಸರು ತೆಗೆದ ಮಾತ್ರಕ್ಕೆ ಬಂದೇ ಬರುತ್ತದೆ ಅಂತ ನಾನು ಹೇಳಲ್ಲ. ಕೋರ್ಟಿನ ಒಂದು ಕಾಗದ ಇದ್ದರೆ ಗಟ್ಟಿ.

ಟೀಚರ್, ಗುಳೇದಗುಡ್ಡ:

ನೋಡವಾ ತಂಗಿ, ಖಾನೆ ಇಲ್ಲ ಅಂದೆಯಲ್ಲ, ಒಂದು ಇದೆ. ಆದರೆ ಅದು ನಿನ್ನ ಹೆಸರಿನಲ್ಲಿಲ್ಲ, ಮಕ್ಕಳ ಹೆಸರಿನಲ್ಲಿದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ. ತಾಯಿ ವಿಧವೆ, ವಿಚ್ಛೇದಿತೆ, ಇಲ್ಲವೇ ಮನೆಯವರು ಕೈಬಿಟ್ಟವಳಾಗಿದ್ದರೆ ಒಂದು ಮಗುವಿಗೆ ತಿಂಗಳಿಗೆ 4,000. ಕುಟುಂಬದ ಆದಾಯ ವರ್ಷಕ್ಕೆ ಹಳ್ಳಿಯಲ್ಲಿ 72,000, ನಗರದಲ್ಲಿ 96,000 ದಾಟಿರಬಾರದು. ರಬಕವಿ-ಬನಹಟ್ಟಿ ನಗರಸಭೆ, ಹಾಗಾಗಿ ನಿನಗೆ 96,000ದ ಲೆಕ್ಕ. ನೀನು ಬರೆದ ಬಟವಾಡೆ, ಹೊಲಿಗೆ ಎಲ್ಲ ಕೂಡಿಸಿದರೂ ಒಳಗೇ ಬರುತ್ತೀ.

ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬಾಗಲಕೋಟೆಗೆ ಬಸ್ಸಿಗಂತೂ ದುಡ್ಡು ಬೇಡ, ಆಧಾರ್ ಇಟ್ಟುಕೊಂಡು ಹೊರಡು. ಹೋಗುವ ಮುಂಚೆ 1098ಕ್ಕೆ ಫೋನ್ ಮಾಡಿ ಏನೇನು ಕಾಗದ ಬೇಕು ಕೇಳಿಕೋ. ಮಕ್ಕಳು ಶಾಲೆ ಬಿಡಬಾರದು ಅನ್ನುವುದು ಮುಖ್ಯ ಷರತ್ತು. ಸಮಿತಿ ನೋಡಿ ಮಂಜೂರು ಮಾಡಬೇಕು, ಅನುದಾನ ಬರಬೇಕು. ಬೇಗ ಆಗುತ್ತದೆ ಅಂತ ನಂಬಿ ಸಾಲ ಮಾಡಬೇಡ.

ಇನ್ನು ಜೀವನಾಂಶ. ಅದನ್ನು ಕೇಳುವ ಕಾನೂನಿನ ಕಲಂ, ಹಳೆಯ ಸಿಆರ್‌ಪಿಸಿ 125, ಈಗ ಬಿಎನ್‌ಎಸ್‌ಎಸ್ 144 ಆಗಿದೆ. ನೀನು ಇರುವ ಊರಿನಲ್ಲೇ ಹಾಕಬಹುದು, ಇಚಲಕರಂಜಿಗೆ ಅಲೆಯಬೇಕಿಲ್ಲ. ಡೈವೋರ್ಸೂ ಬೇಕಿಲ್ಲ. ವಕೀಲರ ಫೀಸಿನ ಚಿಂತೆಯೂ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಅಂತ 1987ರ ಕಾಯ್ದೆಯಲ್ಲೇ ಇದೆ. ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಅಂತ ಕೇಳು, ಇಲ್ಲವೇ 15100ಕ್ಕೆ ಫೋನ್ ಮಾಡು.

ಬನಹಟ್ಟಿಯವಳು:

ಎಲ್ಲರಿಗೂ ಬಹಳ ಉಪಕಾರ ಆಯಿತು. ಪ್ರಾಯೋಜಕತ್ವದ ಹೆಸರೇ ನಾನು ಕೇಳಿರಲಿಲ್ಲ. ಫೈನಾನ್ಸ್‌ನವರಿಗೆ ಬೇಡ ಅಂತ ಹೇಳಿ ಕಳಿಸಿದೆ. ಕಿರಾಣಿಯವರಿಗೆ ವಾರಕ್ಕೆ ಇನ್ನೂರು ಅಂದೆ, ಹ್ಞೂಂ ಅಂದರು.

ಆದರೆ ಟೀಚರ್, ಕೋರ್ಟಿನ ಮಾತು ಮನಸ್ಸಿಗೆ ಬರುತ್ತಿಲ್ಲ. ನಾಲ್ಕು ವರ್ಷ ಅವನ ಹತ್ತಿರ ಒಂದು ರೂಪಾಯಿ ಕೇಳಿಲ್ಲ. ಅದೊಂದೇ ನನ್ನ ಕೈಯಲ್ಲಿ ಉಳಿದ ಮರ್ಯಾದೆ. ಈಗ ಅವನು ಜೊತೆಗಿಲ್ಲ ಅಂತ ಸರಕಾರಕ್ಕೆ ತೋರಿಸಲು ಅವನ ಬೆನ್ನು ಹತ್ತಬೇಕಾ?

ಟೀಚರ್, ಗುಳೇದಗುಡ್ಡ:

ಹೌದು, ಅದು ತಿರುಗಾಮುರುಗಾ ನ್ಯಾಯವೇ. ನಾನು ಅಲ್ಲ ಅನ್ನಲ್ಲ. ಆದರೆ ಮರ್ಯಾದೆ ನಿನ್ನದು, ಜೀವನಾಂಶ ಮಕ್ಕಳದ್ದು. ನಿನಗೆ ಬೇಡದಿದ್ದರೆ ಮಕ್ಕಳಿಗಷ್ಟೇ ಕೇಳು, ಹಾಗೂ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿ 60 ದಿನದೊಳಗೆ ಆದಷ್ಟು ಮುಗಿಸಬೇಕು ಅಂತ ಕಾನೂನಿದೆ. ಅವನು ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಆದೇಶದ ನಕಲು ನಿನ್ನ ಕೈಯಲ್ಲಿರುತ್ತದೆ. ಅವನು ನಿನ್ನನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಿಲ್ಲ ಅಂತ ನ್ಯಾಯಾಧೀಶರೇ ಬರೆದ ಕಾಗದ ಅದು. ಆಹಾರ ಶಾಖೆಯಲ್ಲಿ, ಸಿಡಿಪಿಒ ಹತ್ತಿರ, ಬಾಗಲಕೋಟೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಎಲ್ಲ ಕಡೆ ಅದನ್ನೇ ಇಡಬಹುದು. ಅವಸರ ಬೇಡ. ಸುಮ್ನೆ ಒಮ್ಮೆ ಹೋಗಿ ಆ ವಕೀಲರ ಜೊತೆ ಮಾತಾಡಿ ಬಾ. ಮಾತಾಡಿದ ಮಾತ್ರಕ್ಕೆ ಕೇಸು ಆಗಲ್ಲ.

ಬನಹಟ್ಟಿಯವಳು:

ಮಾತಾಡಿ ಬರುತ್ತೇನೆ, ಅಷ್ಟೇ. ಮಕ್ಕಳ ಅರ್ಜಿಗೆ ಮೊದಲು ಹೋಗುತ್ತೇನೆ. ಇನ್ನೊಂದು ಕೇಳಬೇಕಿತ್ತು. ಇಬ್ಬರ ಆಧಾರ್‌ನಲ್ಲೂ ಅಪ್ಪನ ಹೆಸರು, ಅತ್ತೆ ಮನೆ ವಿಳಾಸ ಇದೆ. ತೊಂದರೆ ಆಗುತ್ತಾ?

ಗ್ರಾಮ ಒನ್ ಹುಡುಗ, ಗೋಕಾಕ:

ಅಪ್ಪನ ಹೆಸರು ಇರಲಿ, ಅದನ್ನು ಮುಟ್ಟಬೇಡಿ. ಶಾಲೆ ದಾಖಲೆಗೂ ಅದೇ ಹೊಂದಬೇಕು. ವಿಳಾಸ ಮಾತ್ರ ಬದಲಿಸಿ. ಮೊದಲು ನಿಮ್ಮದು ಬಾಡಿಗೆ ಮನೆಗೆ ಮಾಡಿಸಿ, ಆಮೇಲೆ ನಿಮ್ಮ ಆಧಾರ್ ಕಾರ್ಡ್ ತೋರಿಸಿ ಮಕ್ಕಳದ್ದು. ಮಗನಿಗೆ 5 ವರ್ಷ ತುಂಬಿದ ಮೇಲೆ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಿದ್ದೀರಾ? ಇಲ್ಲದಿದ್ದರೆ ಅದೇ ದಿನ ಮಾಡಿಸಿ. ಮಗನ ಹೆಸರಿಗೆ ಬ್ಯಾಂಕ್ ಖಾತೆ ತೆರೆಯುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಸೆಂಟರ್ ತೆರೆಯುವ ಹೊತ್ತಿಗೇ ಹೋಗಿ, ಹನ್ನೊಂದರ ಮೇಲೆ ಸರ್ವರ್ ಕೈ ಕೊಡುತ್ತದೆ.