ಸಹಾಯ ಬೇಕು: ಗುಂಡು ಟೀಪಾಯ್ ಕವರ್ ಅಲೆಅಲೆಯಾಗಿ ಏಳುತ್ತಿದೆ

ಹಾಸನ, ಚಿಕ್ಕಮಗಳೂರು ಕಡೆಯ ಕ್ರೋಶಾ ಬಲ್ಲವರು ದಯವಿಟ್ಟು ನೋಡಿ. ಕಾಟನ್ ದಾರ, 3 ಎಂಎಂ ಕಡ್ಡಿ. ನಡುವೆ 12 ಡಬಲ್ ಕ್ರೋಶಾ ಕಂಬ (ಎತ್ತರದ ಹೆಣಿಗೆ), ಆಮೇಲೆ ಸುತ್ತಿಗೆ 12 ಏರಿಕೆ (ಒಂದೇ ಕಂಬದ ಮೇಲೆ ಎರಡು ಹಾಕುವುದು). 9ನೇ ಸುತ್ತಿಗೆ 108 ಇರಬೇಕಿತ್ತು, 111 ಇವೆ. ತಪ್ಪು 6ನೇ ಸುತ್ತಿನಲ್ಲಿದೆ: 4 ಕಂಬ ಬಿಟ್ಟು ಏರಿಸುವ ಕಡೆ, 5ನೇ ಸುತ್ತಿನ ಹಾಗೇ 3 ಬಿಟ್ಟು ಏರಿಸಿದೆ. 72 ಆಗಬೇಕಾದ್ದು 75 ಆಯ್ತು.

ಆದರೆ ಬರೀ 3 ಕಂಬಕ್ಕೆ ಇಷ್ಟು ಅಲೆ ಬರಲ್ಲ. ವ್ಯಾಸ 16 ಸೆಂ.ಮೀ., ಅಂದರೆ ಅಂಚಿನ ಸುತ್ತಳತೆ ಸುಮಾರು 50 ಇರಬೇಕು; ದಾರ ಇಟ್ಟು ಅಳೆದರೆ 56! ಕಂಬಗಳೇ ಕುಳ್ಳಗಿವೆ, ಅದಕ್ಕೇ ಅಂಚಿಗೆ ತಕ್ಕಷ್ಟು ವ್ಯಾಸ ಬಂದಿಲ್ಲ. ಮೊದಲ ಕುಣಿಕೆ ಮೇಲಕ್ಕೆಳೆಯುವಾಗ ಬಿಗಿಯಾಗಿದೆ ಅಂತ ಅನುಮಾನ.

ಅದೇ ಲಾಟಿನ ದಾರ ಈಗ ಸಿಗುತ್ತಿಲ್ಲ, ಹಾಗಾಗಿ ಕತ್ತರಿಸುವಂತಿಲ್ಲ. 5ನೇ ಸುತ್ತಿನವರೆಗೆ ಬಿಚ್ಚದೆ, 10ನೇ ಸುತ್ತನ್ನು ಏರಿಕೆಯಿಲ್ಲದೆ 111ಕ್ಕೇ ಹಾಕಿದರೆ ಅಂಚಿನ ಲೆಕ್ಕ ಸರಿಹೋಗುತ್ತೆ. ಒಳಗಿನ 7, 8, 9ನೇ ಸುತ್ತಿನ ಅಲೆ ಕೂರುತ್ತದಾ? ಒದ್ದೆ ಮಾಡಿ, ಎಳೆದು ಪಿನ್ ಚುಚ್ಚಿ ಒಣಗಿಸಿದರೆ ಚಪ್ಪಟೆಯಾಗುತ್ತೆ, ಸರಿ. ಕಾಟನ್ ಅಲ್ವಾ, ಮುಂದಿನ ಒಗೆತಕ್ಕೆ ಮತ್ತೆ ಏಳಬಹುದು. ಮಲೆನಾಡಿನ ಮಳೆಗಾಲದಲ್ಲಿ ಪದೇಪದೇ ಒಣಗಿಸುವುದೂ ಕಷ್ಟ.

ಮಾಡಿ ನೋಡಿದವರು ಹೇಳಿ. ಫ್ರಿಲ್ ಅಂತ ಬಿಟ್ಟುಬಿಡಿ ಅನ್ನಬೇಡಿ, ಇದರ ಮೇಲೆ ಕಾಫಿ ಲೋಟ ನಿಲ್ಲಬೇಕು.