ಪದಚರ್ಚೆ: 1909ರ ಸಿಡ್ನಿ ರಗ್ಬಿ ಲೀಗ್ ಫೈನಲ್ – ‘ಫೋರ್ಫಿಟ್’ಗೆ ಕನ್ನಡದಲ್ಲಿ ಏನು?

ಸಿಡ್ನಿಯಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಊರಿನ ಹಳೇ ರಗ್ಬಿ ಲೀಗ್ ಬಗ್ಗೆ ಸಣ್ಣ ಪ್ರದರ್ಶನ ಇಡುತ್ತಿದ್ದಾರೆ. ಕನ್ನಡದ ಫಲಕ ಬರೆಯುವ ಕೆಲಸ ನನ್ನದು. ಗುರುವಾರ ಸಂಜೆ ಪ್ರಿಂಟಿಗೆ ಹೋಗುತ್ತೆ.

ವಿಷಯ ಇಷ್ಟು. ಸಿಡ್ನಿಯಲ್ಲಿ ರಗ್ಬಿ ಲೀಗ್ ಪಂದ್ಯಾವಳಿ ಶುರುವಾದದ್ದು 1908ರಲ್ಲಿ, ಒಂಬತ್ತು ತಂಡಗಳಿಂದ. ಕಂಬರ್‌ಲ್ಯಾಂಡ್ ತಂಡ ಒಂದೇ ವರ್ಷಕ್ಕೆ ಮುಚ್ಚಿಹೋಯಿತು. 1909ರಲ್ಲಿ ಉಳಿದವು ಎಂಟು. ಆ ವರ್ಷದ ಫೈನಲ್ಲು ಸೌತ್ ಸಿಡ್ನಿಗೂ ಬಾಲ್‌ಮೇನ್‌ಗೂ, ಸೆಪ್ಟೆಂಬರ್ 18ರಂದು, ಅಗ್ರಿಕಲ್ಚರಲ್ ಸೊಸೈಟಿ ಮೈದಾನದಲ್ಲಿ. ಆದರೆ ಅದೇ ದಿನ ಅದೇ ಮೈದಾನದಲ್ಲಿ ಕಾಂಗರೂಸ್ ಮತ್ತು ವಾಲಬೀಸ್ ಎಂಬ ಆಸ್ಟ್ರೇಲಿಯಾದ ಎರಡು ರಗ್ಬಿ ತಂಡಗಳ ಪಂದ್ಯವೂ ಇತ್ತು. ಅದನ್ನು ದೊಡ್ಡ ಆಟ ಮಾಡಿ, ಫೈನಲ್ಲನ್ನು ಅದಕ್ಕೆ ಮುಂಚೆ ಆಡಿಸುವ ಆಟ ಮಾಡಿದರು. ಬಾಲ್‌ಮೇನ್‌ನವರು ಬರಲಿಲ್ಲ. ಸೌತ್ ಸಿಡ್ನಿಯವರು ಎದುರಾಳಿ ಇಲ್ಲದೆಯೇ ಚೆಂಡು ಒದ್ದು, ತಾವೇ ಎತ್ತಿಕೊಂಡು ಹೋಗಿ, ಗೆರೆ ದಾಟಿ ನೆಲಕ್ಕಿಟ್ಟು ‘ಟ್ರೈ’ ಗಳಿಸಿದರು. ಪ್ರಶಸ್ತಿ ಅವರಿಗೆ ಹೋಯಿತು.

ಇಂಗ್ಲಿಷ್ ಫಲಕದಲ್ಲಿ ‘ಬಾಲ್‌ಮೇನ್ ಫೋರ್ಫಿಟ್ ಮಾಡಿತು’ ಅಂತಿದೆ, ಅಂದರೆ ಆಡಲು ಬರದೆ ಪಂದ್ಯ ಕಳೆದುಕೊಂಡಿತು ಅಂತ. ನನಗೆ 12 ಪದಗಳ ಮಿತಿ. ‘ಟ್ರೈ’ಗೂ ಏನಾದರೂ ಇದ್ದರೆ ಹೇಳಿ. ‘ಪ್ರಯತ್ನ’ ಅಂತ ಹಾಕಿದರೆ ಓದುವವರು ಗೆಲ್ಲಲು ಪ್ರಯತ್ನಪಟ್ಟರು ಅಂದುಕೊಳ್ಳುತ್ತಾರೆ, ಅಲ್ವಾ?

ಧಾರವಾಡದಿಂದ, ಮಂಗಳವಾರ ಬೆಳಿಗ್ಗೆ

ತಂಗಿ, ಮುಟ್ಟುಗೋಲು. ಕಂದಾಯ ಇಲಾಖೆಯ ಕಾಗದಗಳಲ್ಲಿ ಫೋರ್ಫಿಟ್‌ಗೆ ಇದನ್ನೇ ಬರೆಯುತ್ತಾರೆ. ಹೊಸದು ಹುಡುಕುವ ಅಗತ್ಯ ಇಲ್ಲ.

ಇನ್ನೊಂದು ಮಾತು. ಆ ಇಂಗ್ಲಿಷ್ ಪದ ಬಂದಿರೋದು ಹಳೇ ಫ್ರೆಂಚಿನಿಂದ. ಅಲ್ಲಿ ಅದಕ್ಕೆ ‘ಅಪರಾಧ’ ಅಂತಲೇ ಅರ್ಥ. ಬೇರು ಲ್ಯಾಟಿನ್ನಿನದು: ಎಲ್ಲೆಯ ಹೊರಗೆ ಮಾಡಿದ್ದು. ಮೊದಲು ತಪ್ಪು, ಆಮೇಲೆ ತಪ್ಪಿಗೆ ತೆತ್ತದ್ದು. ನಮ್ಮ ‘ತಪ್ಪುದಂಡ’ದಲ್ಲಿ ಈ ಎರಡೂ ಇವೆ. ಮುಟ್ಟುಗೋಲು ಬೇಡವಾದರೆ ‘ತಪ್ಪುದಂಡದ ಸೋಲು’ ಅನ್ನು. ಬೇರು ನೋಡದೆ ಅನುವಾದ ಮಾಡಬಾರದು.

ಶಿವಮೊಗ್ಗದಿಂದ, ಮಂಗಳವಾರ ಬೆಳಿಗ್ಗೆ

ವಾಕ್‌ಓವರ್. ಮುಗೀತು.

ಇಪ್ಪತ್ತೆರಡು ವರ್ಷ ಪತ್ರಿಕೆಯ ಕ್ರೀಡಾಪುಟದಲ್ಲಿ ಕೂತಿದ್ದೇನೆ. ಟೆನಿಸ್, ಬ್ಯಾಡ್ಮಿಂಟನ್, ಕಬಡ್ಡಿ, ಎಲ್ಲಕ್ಕೂ ಇದೇ ಬರೆದಿದ್ದೇವೆ. ಏನಿದು ಅಂತ ಒಬ್ಬ ಓದುಗರೂ ಫೋನ್ ಮಾಡಿ ಕೇಳಿಲ್ಲ. ಮುಟ್ಟುಗೋಲು ಹಾಕೋದು ಟ್ರ್ಯಾಕ್ಟರ್‌ಗೆ, ಫೈನಲ್ಲಿಗಲ್ಲ. ಟ್ರೈ ಟ್ರೈಯಾಗೇ ಇರಲಿ.

ಮಂಗಳೂರಿನಿಂದ, ಮಂಗಳವಾರ ಮಧ್ಯಾಹ್ನ

ಫೋರ್ಫಿಟ್ ತೆಗೆದು ವಾಕ್‌ಓವರ್ ಹಾಕಿದರೆ ಅದು ಅನುವಾದವೇ? ಒಂದು ಇಂಗ್ಲಿಷ್ ಪದ ತೆಗೆದು ಇನ್ನೊಂದನ್ನು ಕೂರಿಸಿದ್ದು ಅಷ್ಟೇ. ಅದೂ ಕುದುರೆ ರೇಸಿನ ಮಾತು. ಬೇರೆ ಕುದುರೆ ಇಲ್ಲದಿದ್ದಾಗ ಓಡುವ ಅಗತ್ಯ ಇಲ್ಲ, ನಡೆದು ಮುಗಿಸಿದರೆ ಸಾಕು ಅಂತ. ಸೌತ್ ಸಿಡ್ನಿಯವರು ಚೆಂಡು ಒದ್ದು ಟ್ರೈ ಗಳಿಸಿದ್ದಾರೆ ಅಂತ ಇಲ್ಲೇ ಬರೆದಿದೆಯಲ್ಲ, ಸರ್. ಕೇಳಿದವರ ಪತ್ರ ಪೂರ್ತಿ ಓದಿ.

‘ಎದುರಿಲ್ಲದ ಗೆಲುವು’ ಅನ್ನಿ. ಅಚ್ಚಗನ್ನಡ, ಎಲ್ಲರಿಗೂ ಅರ್ಥವಾಗುತ್ತೆ.

ಟ್ರೈಗೆ ನನ್ನ ಸಲಹೆ ‘ಊರಿಕೆ’. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಇಡಬೇಕು, ಅದೇ ಟ್ರೈ. ನಮ್ಮಲ್ಲಿ ‘ಊರು’ ಅಂದರೆ ಅದೇ. ಕಾಲೂರು, ಕೈಯೂರು, ಬೇರೂರು. ಅಜ್ಜ ಕೋಲೂರಿ ನಡೆದ ಅಂತೀವಿ. ‘ಚೆಂಡೂರಿದ’ ಅಂದರೆ ಚಿತ್ರವೇ ಕಣ್ಣಿಗೆ ಬರುತ್ತೆ. ‘ಸೌತ್ ಸಿಡ್ನಿ ಒಂದು ಊರಿಕೆ ಗಳಿಸಿತು’, ಇದರಲ್ಲಿ ಏನು ಕೊರತೆ?

ಧಾರವಾಡದಿಂದ, ಮಂಗಳವಾರ ಸಂಜೆ

‘ಊರಿಕೆ’ ನೋಡಿದವರಿಗೆ ಊರು, ಕೇರಿ ನೆನಪಾಗುತ್ತೆ. ಬೇಡ.

‘ಪ್ರಯತ್ನ’ವನ್ನು ತಂಗಿ ಸುಮ್ನೆ ತಳ್ಳಿಹಾಕಿದಳು. ಹಳೇ ರಗ್ಬಿಯಲ್ಲಿ ಚೆಂಡು ನೆಲಕ್ಕಿಟ್ಟರೆ ಒಂದು ಅಂಕವೂ ಬರುತ್ತಿರಲಿಲ್ಲ. ಗೋಲಿಗೆ ಒದೆಯುವ ಪ್ರಯತ್ನಕ್ಕೆ ಹಕ್ಕು ಸಿಗುತ್ತಿತ್ತು, ಅಷ್ಟೇ. ಆ ಹೆಸರು ಬಂದದ್ದೇ ಹಾಗೆ. ಅಂದಮೇಲೆ ‘ಪ್ರಯತ್ನ’ ತಪ್ಪು ಹೇಗಾಗುತ್ತೆ?

ಶಿವಮೊಗ್ಗದಿಂದ, ಮಂಗಳವಾರ ಸಂಜೆ

ಆಗಿನ ಕಾಲಕ್ಕೆ ಸರಿ. ಆದರೆ 1909ರ ಹೊತ್ತಿಗೆ ಸಿಡ್ನಿಯಲ್ಲಿ ಟ್ರೈಗೇ ಮೂರು ಅಂಕ, ಗೋಲಿಗೆ ಎರಡು. 1983ರಿಂದ ಟ್ರೈಗೆ ನಾಲ್ಕು. ಅಂಕ ಕೈಗೆ ಬಂದ ಮೇಲೂ ‘ಪ್ರಯತ್ನ’ ಅನ್ನಬೇಕಾ? ಪದದ ಹುಟ್ಟು ನೋಡಿ ಇವತ್ತಿನ ಅರ್ಥ ಹೇಳಬೇಡಿ, ರಾಯರೇ.

ಸಿಡ್ನಿಯಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ತೊಡಕು ಬಂದಿದೆ.

ಪಕ್ಕದ ಮನೆಯ ಅಜ್ಜ ಬಾಲ್‌ಮೇನ್ ಕಡೆಯವರು. ಅವರ ಅಪ್ಪನೂ ಅದೇ ಕಡೆ. ಬಾಲ್‌ಮೇನ್ ತಂಡ ಈಗ ಪ್ರತ್ಯೇಕವಾಗಿ ಇಲ್ಲ, 2000ದಿಂದ ವೆಸ್ಟರ್ನ್ ಸಬರ್ಬ್ಸ್ ಜೊತೆ ಸೇರಿ ವೆಸ್ಟ್ಸ್ ಟೈಗರ್ಸ್ ಆಗಿದೆ. ಆದರೂ ಕಪ್ಪು-ಹೊಂಬಣ್ಣದ ಹಳೇ ಮಫ್ಲರ್ ಇವತ್ತಿಗೂ ಅವರ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತೆ. ಅವರಿಗೆ ಇಂಗ್ಲಿಷ್ ಫಲಕದ ಕರಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ‘ಫೋರ್ಫಿಟ್’ ಮೇಲೆ ಬೆರಳಿಟ್ಟರು. ಎತ್ತಲೇ ಇಲ್ಲ. ‘ನಾವು ಬಿಟ್ಟುಕೊಟ್ಟಿಲ್ಲ’ ಅಂದರು. ನಡೆದು ನೂರು ವರ್ಷ ದಾಟಿದ ಆಟಕ್ಕೆ ‘ನಾವು’ ಅಂತ!

ಬಾಲ್‌ಮೇನ್‌ನವರು ಹೇಳುತ್ತಾ ಬಂದಿರೋದು ಇದು: ಫೈನಲ್ಲನ್ನು ಹೀಗೆ ಕೆಳಗಿಳಿಸಿದರೆ ಆಡೋದಿಲ್ಲ ಅಂತ ಎರಡೂ ಕ್ಲಬ್ಬಿಗೆ ಒಪ್ಪಂದ ಆಗಿತ್ತು, ಸೌತ್ ಸಿಡ್ನಿ ಮಾತು ಮುರಿಯಿತು. ಅವತ್ತು ಬಾಲ್‌ಮೇನ್ ಆಟಗಾರರು ಮೈದಾನದ ಗೇಟಿನ ಹೊರಗೆ ನಿಂತು, ಒಳಗೆ ಹೋಗಬೇಡಿ ಅಂತ ಜನರನ್ನು ಕೇಳಿಕೊಂಡರು ಅಂತಲೂ ಹೇಳುತ್ತಾರೆ. ಈಗ ನನಗೆ ಯಾರ ಕಡೆಗೂ ವಾಲದ ಪದ ಬೇಕು. ‘ತಪ್ಪುದಂಡ’ ಅಂದರೆ ತೀರ್ಪು ಕೊಟ್ಟ ಹಾಗಾಯಿತು. ‘ಬಿಟ್ಟುಕೊಟ್ಟಿತು’ ಅಂದರೆ ಅಜ್ಜನಿಗೆ ನೋವು. ‘ಬಹಿಷ್ಕರಿಸಿತು’ ಅಂದರೆ ಸೌತ್ ಸಿಡ್ನಿಯವರು ಸುಮ್ಮನಿರಲ್ಲ. ‘ಅವಿರೋಧ ಗೆಲುವು’ ಹೇಗೆ?

ಮಂಗಳೂರಿನಿಂದ, ಬುಧವಾರ ಬೆಳಿಗ್ಗೆ

‘ಅವಿರೋಧ’ ಬೇಡವೇ ಬೇಡ. ಸಂಸ್ಕೃತ ಅನ್ನೋದು ಒಂದು ಕಡೆ ಇರಲಿ. ಪಂಚಾಯ್ತಿ ಚುನಾವಣೆಯಲ್ಲಿ ಅವಿರೋಧ ಆಯ್ಕೆ ಅಂದರೆ ಯಾರೂ ಎದುರು ನಿಲ್ಲಲಿಲ್ಲ ಅಂತ. ಇಲ್ಲಿ ಹನ್ನೊಂದೋ ಹದಿಮೂರೋ ಜನ ಗೇಟಿನಲ್ಲೇ ನಿಂತು ವಿರೋಧ ಮಾಡುತ್ತಿದ್ದಾರೆ! ನನ್ನ ‘ಎದುರಿಲ್ಲದ ಗೆಲುವು’ ಕೂಡ ಇಲ್ಲಿ ಕೂರಲ್ಲ, ವಾಪಸ್ ತೆಗೆದುಕೊಂಡೆ.

ಬಾಲ್‌ಮೇನ್‌ನವರ ಸಿಟ್ಟು ನನಗೆ ಅರ್ಥವಾಗುತ್ತೆ. ಯಕ್ಷಗಾನದಲ್ಲಿ ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗದಲ್ಲಿ ಕೋಡಂಗಿ ವೇಷ ಕುಣಿಯುತ್ತೆ. ಕಲಿಯುವ ಹುಡುಗರು ಕಟ್ಟುವ ವೇಷ ಅದು. ವರ್ಷವಿಡೀ ಆಡಿ ಫೈನಲ್ಲಿಗೆ ಬಂದವರಿಗೆ ಕೋಡಂಗಿ ಹೊತ್ತಿಗೆ ರಂಗಕ್ಕೆ ಬನ್ನಿ ಅಂದರೆ ಯಾವ ಮುಖ್ಯ ವೇಷಧಾರಿ ಒಪ್ಪುತ್ತಾನೆ?

ಆದರೆ ಟ್ರೈ ವಿಷಯದಲ್ಲಿ ನಾನು ಬಿಡಲ್ಲ. ರಗ್ಬಿ ಅವರದು, ಹೆಸರೂ ಅವರದೇ ಇರಲಿ ಅಂದರೆ ಕ್ರಿಕೆಟ್ಟಿಗೆ ದಾಂಡಿಗ, ಎಸೆತ ಎಲ್ಲಿಂದ ಬಂದವು?

ಶಿವಮೊಗ್ಗದಿಂದ, ಬುಧವಾರ ಬೆಳಿಗ್ಗೆ

ಹನ್ನೊಂದಲ್ಲ. ರಗ್ಬಿ ಲೀಗ್‌ನಲ್ಲಿ ಹದಿಮೂರೇ, 1906ರಿಂದ.

ದಾಂಡಿಗ, ಎಸೆತ ಉಳಿದವು, ನಿಜ. ಹುದ್ದರಿ ಎಲ್ಲಿ ಹೋಯಿತು? ವಿಕೆಟ್ಟಿಗೆ ಹುದ್ದರಿ ಅಂತ ನಮ್ಮ ಹಿರಿಯರು ವರ್ಷಗಟ್ಟಲೆ ಬರೆದರು. ಹೋಟೆಲಿನಲ್ಲಿ ಸ್ಕೋರ್ ಕೇಳುವವರು ‘ಎಷ್ಟು ವಿಕೆಟ್ ಹೋಯ್ತು’ ಅಂತಲೇ ಕೇಳಿದರು. ಪದ ಉಳಿಸೋದು ಆಡುವ ನಾಲಿಗೆ. ಕನ್ನಡಿಗರು ದಿನಾ ರಗ್ಬಿ ಆಡಲಿ, ನೋಡಲಿ, ಆಗ ‘ಊರಿಕೆ’ ತಾನಾಗೇ ಬರಬಹುದು. ಗುರುವಾರ ಸಂಜೆಯೊಳಗೆ ಬರಲ್ಲ.

ಧಾರವಾಡದಿಂದ, ಬುಧವಾರ ಮಧ್ಯಾಹ್ನ

ಹೋಟೆಲಿನ ಮಾತೇ ಪ್ರಮಾಣ ಅಂದರೆ ನಿಘಂಟು ಯಾಕೆ?

ಮೈಸೂರಿನಿಂದ, ಬುಧವಾರ ಸಂಜೆ

ಆ ಹುಡುಗಿ ಗುರುವಾರ ಅಂದಿದ್ದಾಳೆ. ನೀವು ಹುದ್ದರಿಗೆ ಹೋದಿರಿ.

ನೋಡಮ್ಮ, ನಿನ್ನ ಕಷ್ಟಕ್ಕೆಲ್ಲ ಕಾರಣ ನಾಮಪದ. ಇಂಗ್ಲಿಷಿನಲ್ಲಿ ಹೆಸರು ಇದೆ ಅಂತ ನಾವೂ ಹೆಸರೇ ಹುಡುಕುತ್ತೇವೆ. ಹೆಸರಿಟ್ಟ ಕೂಡಲೇ ಪಕ್ಷ ಹಿಡಿದ ಹಾಗೆ. ಕನ್ನಡದ ಬಲ ಕ್ರಿಯಾಪದದಲ್ಲಿದೆ. ಆದದ್ದನ್ನು ಹೇಳು. ‘ಕಣಕ್ಕಿಳಿಯಲಿಲ್ಲ.’ ನಮ್ಮೂರಿನ ಕುಸ್ತಿಯಲ್ಲಿ ಪೈಲ್ವಾನ ಬರದಿದ್ದರೂ ಇದೇ ಮಾತು. ಹೆದರಿದನೋ, ಮುನಿದನೋ, ಮೋಸ ಹೋದನೋ ಅದರಲ್ಲಿಲ್ಲ. ಇಳಿಯಲಿಲ್ಲ ಅನ್ನೋದು ಮಾತ್ರ ಇದೆ. ನಿನ್ನ ಪಕ್ಕದ ಮನೆಯ ಅಜ್ಜನೂ ಇಷ್ಟನ್ನು ಒಪ್ಪಲೇಬೇಕು.

ಟ್ರೈಯನ್ನು ಹಾಗೇ ಬಿಡು. ‘ಚೆಂಡೂರಿದ’ ನನಗೆ ಹಿಡಿಸಿತು, ಆದರೆ 12 ಪದದ ಫಲಕದಲ್ಲಿ ಹೊಸ ಪದಕ್ಕೆ ವಿವರಣೆ ಕೊಡಲು ಜಾಗ ಇಲ್ಲ.

ಸಿಡ್ನಿಯಿಂದ, ಗುರುವಾರ ಬೆಳಿಗ್ಗೆ

ಮೇಡಂ, ಇದೇ ಬೇಕಿತ್ತು. ಕಳಿಸುತ್ತಿರುವ ಸಾಲು:

‘ಬಾಲ್‌ಮೇನ್ ಕಣಕ್ಕಿಳಿಯಲಿಲ್ಲ. ಸೌತ್ ಸಿಡ್ನಿ ಒಂದೇ ಆಡಿ ಟ್ರೈ ಗಳಿಸಿತು, ಪ್ರಶಸ್ತಿ ಪಡೆಯಿತು.’

ಹತ್ತು ಪದ. ಅಜ್ಜನಿಗೆ ಅರ್ಥ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. 1969ರ ಫಲಕ ಯಾವಾಗ ಬರೀತೀಯ ಅಂತ ಕೇಳಿದರು. ಆ ವರ್ಷ ಗ್ರ್ಯಾಂಡ್ ಫೈನಲ್ಲಿನಲ್ಲಿ ಬಾಲ್‌ಮೇನ್ ಸೌತ್ ಸಿಡ್ನಿಯನ್ನು 11-2ರಿಂದ ಸೋಲಿಸಿತ್ತು.

ಮಂಗಳೂರಿನಿಂದ, ಗುರುವಾರ ಬೆಳಿಗ್ಗೆ

ಆ ಫಲಕಕ್ಕೆ ಇನ್ನೂ ಸಮಯ ಇದೆಯಲ್ಲ. ‘ಊರಿಕೆ’ ಬಗ್ಗೆ ಯೋಚಿಸಿ.