ಸಹಾಯ ಬೇಕು: ಹಿಲ್ಬರ್ಟ್ ಟ್ರಾನ್ಸ್‌ಫಾರ್ಮ್ ಹತ್ತಿರ ಸಿಕ್ಕಿಬಿದ್ದಿದ್ದೇನೆ

ಶಿರಸಿಯಿಂದ ಬರೀತಿದ್ದೇನೆ. ಎರಡು ದಿನದಿಂದ ಕರೆಂಟಿಲ್ಲ, ಮಳೆಗೆ ನೋಟ್ಸೂ ಒದ್ದೆ. 0ಯಿಂದ 1ರವರೆಗೆ ಬೆಲೆ 1, ಉಳಿದೆಡೆ 0 ಇರುವ ಫಂಕ್ಷನ್ನಿಗೆ ಹಿಲ್ಬರ್ಟ್ ಟ್ರಾನ್ಸ್‌ಫಾರ್ಮ್ (ಫಂಕ್ಷನ್ನನ್ನು 1/(x-y) ಎಂಬ ಕರ್ನೆಲ್ಲಿನಿಂದ ಗುಣಿಸಿ, y ಮೇಲೆ ಇಂಟಿಗ್ರೇಟ್ ಮಾಡೋದು) ಹಾಕಿದರೆ ಲಾಗ್ ಬರುತ್ತೆ, ಎರಡೂ ತುದಿಯಲ್ಲಿ ಅನಂತಕ್ಕೆ ಹೋಗುತ್ತೆ. ಹಾಗಾಗಿ ಉತ್ತರ ಹಿಡಿಯೋಕೆ ಎಲ್-ಇನ್ಫಿನಿಟಿ (ಮಿತಿಯೊಳಗೇ ಇರುವ ಫಂಕ್ಷನ್ನುಗಳ ಗುಂಪು) ಸಾಲದು, ಜಾನ್ ಮತ್ತು ನೀರೆನ್‌ಬರ್ಗ್ 1961ರಲ್ಲಿ ತಂದ ಬಿಎಂಒ (ಯಾವ ಇಂಟರ್ವಲ್ ತಗೊಂಡರೂ ಅಲ್ಲಿನ ಸರಾಸರಿಯಿಂದ ಆಚೀಚೆ ಹೋಗೋದು ಸರಾಸರಿ ಲೆಕ್ಕದಲ್ಲಿ ಒಂದೇ ಮಿತಿಯೊಳಗಿರುವ ಫಂಕ್ಷನ್ನುಗಳ ಗುಂಪು) ಬೇಕು. ಇಲ್ಲೀತನಕ ಸರಿ.

ಆದರೆ ಸೊನ್ನೆಯ ಎಡಕ್ಕೆ -1, ಬಲಕ್ಕೆ +1 ಇರುವ ಫಂಕ್ಷನ್ ತಗೊಂಡರೆ? ಇಂಟಿಗ್ರಲ್ಲೇ ದೂರದಲ್ಲಿ ಡೈವರ್ಜ್ ಆಗುತ್ತಲ್ಲ ಮಾರಾಯ್ರೆ! ಕರ್ನೆಲ್‌ನಿಂದ ಏನೋ ಕಳೆದು ಸರಿಮಾಡ್ತಾರೆ, ಉತ್ತರ ಒಂದು ಸ್ಥಿರಾಂಕದಷ್ಟು ಬದಲಾದರೂ ಬಿಎಂಒ ನಾರ್ಮಿಗೆ (ಆ ಆಚೀಚೆಯ ಅಳತೆಗೆ) ಅದು ಲೆಕ್ಕಕ್ಕಿಲ್ಲ ಅಂತಾರೆ. ಆ ಕಳೆಯುವ ಹೆಜ್ಜೆಯೊಂದನ್ನು ಯಾರಾದರೂ ಬಿಡಿಸಿ ಬರೆದು ಫೋಟೊ ಹಾಕ್ತೀರಾ? ಕುಮಟಾ, ಕಾರವಾರದ ಕಡೆಯವರಿದ್ದರೆ ಭಾನುವಾರ ನಾನೇ ಘಟ್ಟ ಇಳಿದು ಬರ್ತೇನೆ.